ಮಕ್ಕಳೇ ನೋಡಿಕೊಳ್ಳುವ ಶಾಲೆಯಂಗಳ

ತುಮಕೂರು ದಾಟಿ ಚಿತ್ರದುರ್ಗದ ಕಡೆ ಸಾಗುವ ಬಯಲುಸೀಮೆಯಲ್ಲಿ, ಹೆದ್ದಾರಿಯಿಂದ ಒಳಕ್ಕೆ ಸರಿದ ಒಂದು ಊರು. ಕೊನೆಯ ಬೀದಿ ಮುಗಿದು ರಾಗಿ ಹೊಲ ಶುರುವಾಗುವ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಬರೆಯುವುದು ಬೇಡವೆಂದು ಅಲ್ಲಿನ ಶಿಕ್ಷಕರು ಮೊದಲೇ ಕೇಳಿಕೊಂಡಿದ್ದರು. ಹೆಸರು ಬಂದರೆ ನೋಡುವವರು ಬರುತ್ತಾರೆ, ನೋಡುವವರು ಬಂದರೆ ಮಕ್ಕಳು ಕೆಲಸ ಬಿಟ್ಟು ತೋರಿಸಲು ನಿಲ್ಲುತ್ತಾರೆ ಎನ್ನುವುದು ಅವರ ಮಾತು. ನನಗೂ ಅದು ಸರಿಯೆನಿಸಿತು. ಚಿಕ್ಕ ಮಕ್ಕಳಿಗೆ ಪರಿಸರದ ಕಾಳಜಿ ಕಲಿಸುವ ಕೆಲಸ ಭಾಷಣ, ಪ್ರಬಂಧ ಸ್ಪರ್ಧೆಗಳ ಆಚೆ, ಮಾಮೂಲಿ ದಿನದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡುವ ಆಸೆಯಿಂದ ಹೋಗಿದ್ದೆ. ದಸರಾ ರಜೆ ಮುಗಿದು ಶಾಲೆ ತೆರೆದಿತ್ತು. ಚಿತ್ತೆ ಮಳೆಯ ದಿನಗಳು. ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಇನ್ನೂ ಹಸಿಯಾಗಿತ್ತು.

ಗೋಡೆಯ ಮೇಲಿನ ಸುದ್ದಿ

ಮೊದಲು ಸಿಗುವುದು ಕಾಂಪೌಂಡ್ ಗೋಡೆ. ಗೇಟಿನ ಎಡಕ್ಕೆ ಎಲ್ಲ ಶಾಲೆಗಳಲ್ಲೂ ಇರುವ ಬರಹಗಳೇ: ಹಸಿರೇ ಉಸಿರು, ನೀರನ್ನು ಮಿತವಾಗಿ ಬಳಸಿ. ಬಣ್ಣ ಮಾಸಿದೆ. ಅಲ್ಲಿದ್ದಷ್ಟು ಹೊತ್ತೂ ಒಂದು ಮಗುವಾದರೂ ಅದನ್ನು ಓದಿದ್ದು ನಾನು ಕಾಣೆ. ಗೇಟಿನ ಬಲಕ್ಕೆ ಮಾತ್ರ ಗೋಡೆಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ್ದಾರೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು: 'ಬೇವಿನ ಮರಕ್ಕೆ ಗಿಳಿ ಬಂದಿತ್ತು. ಮೂರನೇ ನಲ್ಲಿ ತೊಟ್ಟಿಕ್ಕುತ್ತಿದೆ. ಬದನೆ ಗಿಡಕ್ಕೆ ಹುಳ ಬಿದ್ದಿದೆ.' ಅಕ್ಷರ ಓರೆಯಾಗಿತ್ತು. ಎರಡನೇ ಸಾಲಿನ ಒತ್ತಕ್ಷರವನ್ನು ಯಾರೋ ಅಳಿಸಿ ಮತ್ತೆ ತಿದ್ದಿದ್ದರು.

ಶಾಲೆಯಂಗಳದಲ್ಲಿ ಏನು ನಡೆಯಿತೆಂದು ದಿನಕ್ಕೊಂದು ಗುಂಪಿನ ಮಕ್ಕಳು ಇಲ್ಲಿ ಬರೆಯಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಉಪದೇಶ ಬರೆಯುವಂತಿಲ್ಲ. ಎಡಗಡೆಯ ಬರಹ ದೊಡ್ಡವರದು, ಬಲಗಡೆಯದು ಮಕ್ಕಳದು. ಮಕ್ಕಳು ಬಂದು ನಿಂತು ಓದುತ್ತಿದ್ದದ್ದು ಬಲಗಡೆಯ ಹಲಗೆಯನ್ನು.

ನನ್ನ ಮರ

ಗೇಟು ದಾಟಿದರೆ ಕಾಂಪೌಂಡ್ ಉದ್ದಕ್ಕೂ ಮರಗಳ ಸಾಲು: ಹೊಂಗೆ, ಬೇವು, ಹುಣಸೆ, ಎರಡು ನೇರಳೆ, ಮೂಲೆಯಲ್ಲಿ ನುಗ್ಗೆ, ಬೇಲಿಯ ಬದಿಗೆ ಸೀತಾಫಲದ ಪೊದೆಗಳು. ದೊಡ್ಡ ಮರಗಳೆಲ್ಲ ಬಹಳ ಹಳೆಯವು, ಈಗಿನ ಶಿಕ್ಷಕರು ನೆಟ್ಟವಲ್ಲ. ಪ್ರತಿ ಮರಕ್ಕೂ ಸುತಳಿ ದಾರದಲ್ಲಿ ಒಂದು ಅಂಕಿಯ ಬಿಲ್ಲೆ ಕಟ್ಟಿದೆ. ಮೊಳೆ ಹೊಡೆದಿಲ್ಲ. ಮರ ದಪ್ಪವಾದಂತೆ ದಾರ ಬಿಗಿಯದಿರಲೆಂದು ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುತ್ತಾರಂತೆ.

ನಾಲ್ಕು ಮತ್ತು ಐದನೇ ತರಗತಿಯ ಪ್ರತಿ ಮಗುವಿಗೂ ಒಂದೊಂದು ಮರ ಅಥವಾ ಗಿಡ ಪಾಲಿಗೆ ಬಂದಿದೆ. ವಾರಕ್ಕೊಮ್ಮೆ ಅದರ ಬಳಿ ಹೋಗಿ ನಿಂತು, ಚಿಗುರಿದೆಯೇ, ಎಲೆ ಉದುರಿದೆಯೇ, ಹೂ ಕಾಯಿ ಇದೆಯೇ, ಯಾರು ಬಂದು ಕೂತಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ತನ್ನ ಪುಸ್ತಕ ಬಿಚ್ಚಿ ತೋರಿಸಿದಳು. ಅವಳ ಪಾಲಿನದು ಹೊಂಗೆ. ಒಂದು ಪುಟದಲ್ಲಿ ಹೀಗಿತ್ತು: 'ಶುಕ್ರವಾರ. ಎಲೆ ತುಂಬಾ ಗುಳ್ಳೆ ಗುಳ್ಳೆ. ಒಳಗೆ ಹುಳ ಇರಬೇಕು.' ಮುಂದಿನ ವಾರದ ಪುಟದಲ್ಲಿ: 'ಗುಂಡುಸೂಜಿಯಲ್ಲಿ ಬಿಡಿಸಿ ನೋಡಿದೆ. ಹುಳ ಕಾಣಲಿಲ್ಲ.'

ನಾನು ಆ ಎಲೆಯೊಂದನ್ನು ಹತ್ತಿರದಿಂದ ನೋಡಿದೆ. ಮೇಲ್ಮೈ ತುಂಬ ಸಾಸಿವೆ ಕಾಳಿನಿಂದ ಜೋಳದ ಕಾಳಿನ ಗಾತ್ರದವರೆಗಿನ ಹಸಿರು ಗಂಟುಗಳು. ಬೆರಳಾಡಿಸಿದರೆ ತರಿತರಿ. ಹೊಂಗೆ ಎಲೆಯಲ್ಲಿ ಇಂಥ ಗಂಟು ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತದೆ. ಜೇಡನ ಬಳಗಕ್ಕೆ ಸೇರಿದ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಎಲೆಯಲ್ಲಿ ನೆಲೆ ಮಾಡಿಕೊಂಡಾಗ ಎಲೆಯೇ ಅದರ ಸುತ್ತ ಬೆಳೆದು ಗಂಟು ಕಟ್ಟುತ್ತದೆ. ಅವಳ ತರಗತಿಯ ಶಿಕ್ಷಕಿ ಇದನ್ನು ಹುಡುಗಿಗೆ ಹೇಳಿಕೊಟ್ಟಿರಲಿಲ್ಲ.

"ಅವಳು ಇನ್ನೂ ಕೇಳಿಲ್ಲ. 'ಕಾಣದೇ ಇದ್ರೆ ಗಂಟು ಯಾಕೆ ಆಯ್ತು ಮಿಸ್' ಅಂತ ಕೇಳಿದ ದಿನ ಹೇಳ್ತೀನಿ. ಅವತ್ತಿಗೆ ಅಂತ ಭೂತಗನ್ನಡಿ ತಂದಿಟ್ಟಿದ್ದೀನಿ," ಎಂದರು.

ಉತ್ತರ ಗೊತ್ತಿದ್ದೂ ಪ್ರಶ್ನೆ ಬರುವವರೆಗೆ ಕಾಯುವ ತಾಳ್ಮೆ ನನಗೆ ಇಡೀ ಭೇಟಿಯಲ್ಲಿ ಬಹಳ ಹಿಡಿಸಿತು.

"ಇದು ನಿನ್ನ ಮರಾನಾ?" ಎಂದು ಹುಡುಗಿಯನ್ನು ಕೇಳಿದೆ. "ಹೂಂ ಸಾರ್, ನಂದೇ. ಆರನೇ ಕ್ಲಾಸಿಗೆ ಹೋದ್ಮೇಲೆ ಬೇರೆಯವ್ರಿಗೆ ಕೊಡ್ಬೇಕು. ಪುಸ್ತಕಾನೂ ಕೊಡ್ಬೇಕು," ಎಂದಳು. ಕೊಡಬೇಕೆನ್ನುವಾಗ ಅವಳ ಮುಖದಲ್ಲಿ ಬೇಸರವಿತ್ತು. ಹಳೆಯ ನೋಟ್‌ಬುಕ್ಕುಗಳೆಲ್ಲ ಮರದ ಅಂಕಿಯ ಪ್ರಕಾರ ಬೀರುವಿನಲ್ಲಿವೆ. ಹೊಸಬರು ತಮ್ಮ ಮರದ ಹಿಂದಿನ ವರ್ಷಗಳ ಕಥೆ ಓದಿಯೇ ಬರೆಯಲು ಶುರುಮಾಡುತ್ತಾರೆ. ಹೋದ ವರ್ಷ ಬೇವು ಯಾವಾಗ ಹೂ ಬಿಟ್ಟಿತ್ತು, ಈ ವರ್ಷ ಯಾವಾಗ ಬಿಟ್ಟಿತು ಎಂದು ಹೋಲಿಸಲು ಅವರಿಗೆ ದೊಡ್ಡ ಪುಸ್ತಕಗಳು ಬೇಕಿಲ್ಲ.

ಮೂರನೇ ನಲ್ಲಿ

ಮರಗಳ ಸಾಲು ಮುಗಿಯುವಲ್ಲಿ ಕೈತೊಳೆಯುವ ಕಟ್ಟೆ. ಸಾಲಾಗಿ ನಲ್ಲಿಗಳು, ಕೆಳಗೆ ಸಿಮೆಂಟಿನ ಕಾಲುವೆ. ಗೋಡೆಯ ಸುದ್ದಿಯಲ್ಲಿದ್ದ ಮೂರನೇ ನಲ್ಲಿ ನಿಜಕ್ಕೂ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಬಕೆಟ್ ಇಟ್ಟಿದ್ದರು.

ಹಿಂದೊಮ್ಮೆ ಇನ್ನೊಂದು ನಲ್ಲಿ ಹೀಗೆಯೇ ಸೋರುತ್ತಿದ್ದಾಗ ನಡೆದದ್ದನ್ನು ಐದನೇ ತರಗತಿಯ ಶಿಕ್ಷಕರು ಹೇಳಿದರು. ಸೆಕೆಂಡಿಗೊಂದು ಹನಿ ಅಷ್ಟೇ ತಾನೆ ಎಂದು ಒಬ್ಬ ಹುಡುಗ ವಾದ ಮಾಡಿದ್ದನಂತೆ. ಅವರು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಸಂಜೆ ನಾಲ್ಕಕ್ಕೆ ಶಾಲೆ ಬಿಡುವಾಗ 15 ಲೀಟರಿನ ಖಾಲಿ ಬಕೆಟ್ ಅಡಿಯಲ್ಲಿಡಿಸಿದರು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಮಕ್ಕಳೆಲ್ಲ ಓಡಿಬಂದು ನೋಡಿದರೆ ಬಕೆಟ್ ತುಂಬಿ ಕಂಠಕ್ಕೆ ಬಂದಿತ್ತು. ಆಮೇಲೆ ಗಣಿತದ ಪಾಠ ಅಲ್ಲೇ ನಡೆಯಿತು. ಇಪ್ಪತ್ತು ಹನಿಗೆ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚ. ಹಾಗಾದರೆ ಹಗಲೂ ರಾತ್ರಿ ಸೇರಿ 86,400 ಹನಿಗೆ ಎಷ್ಟು? 21 ಲೀಟರಿಗೂ ಮೇಲೆ. ವಾದ ಮಾಡಿದ ಹುಡುಗನೇ ಲೆಕ್ಕ ಮಾಡಿ, ಊರಿನ ನೀರುಗಂಟಿಯನ್ನು ಕರೆದುಕೊಂಡು ಬಂದು, ವಾಷರ್ ಹಾಕಿಸಿದನಂತೆ.

ಹೇಳಿಕೆಗೂ ಅಳತೆಗೂ ಎಷ್ಟು ವ್ಯತ್ಯಾಸವಿದೆ ಎಂಬುದು ನನಗೆ ಇಲ್ಲಿ ಚೆನ್ನಾಗಿ ಕಂಡಿತು. ನೀರು ಉಳಿಸಿ ಎಂದು ಹೇಳಿದರೆ ಮಗು ಹೂಂ ಅನ್ನುತ್ತದೆ. ರಾತ್ರಿ ಕಳೆಯುವುದರಲ್ಲಿ ತುಂಬಿದ ಬಕೆಟನ್ನು ತಾನೇ ಎತ್ತಲು ಹೋಗಿ, ಭಾರಕ್ಕೆ ಸೋತು ಇನ್ನೊಬ್ಬರನ್ನು ಕರೆದರೆ ಆ ನೀರು ಎಷ್ಟೆಂದು ಅದಕ್ಕೆ ಗೊತ್ತಾಗುತ್ತದೆ.

ಕಟ್ಟೆಯ ಕಾಲುವೆಯನ್ನು ಹಿಂಬಾಲಿಸಿ ನಡೆದೆ. ಅದು ಜಲ್ಲಿ, ಮರಳು ತುಂಬಿದ ಒಂದು ಚಿಕ್ಕ ಗುಂಡಿಗೆ ಇಳಿದು, ಅಲ್ಲಿಂದ ಬಾಳೆಯ ಮಡಿಗೆ ಹೋಗುತ್ತದೆ. ಬಾಳೆ ಹುಲುಸಾಗಿ ಬೆಳೆದಿದೆ, ಪಕ್ಕದಲ್ಲಿ ಕೆಸವೂ ಇದೆ. ಬೆಳಿಗ್ಗೆ ಹಾಲು ಕುಡಿದ ಲೋಟ ತೊಳೆದ ನೀರೂ ಇಲ್ಲಿಗೇ ಬರುತ್ತದೆ. ನಾನು ಅಲ್ಲಿ ನಿಂತಿದ್ದಾಗ ಎರಡನೇ ತರಗತಿಯ ಪುಟಾಣಿಯೊಬ್ಬ ಲೋಟದ ತಳದ ನೀರನ್ನು ಕಾಲುವೆಗೆ ಚೆಲ್ಲದೆ, ನಡೆದುಕೊಂಡು ಹೋಗಿ ದೊಡ್ಡಪತ್ರೆಯ ಕುಂಡಕ್ಕೆ ಹಾಕಿ ಬಂದ. ಯಾಕೆಂದು ಕೇಳಿದೆ. "ಅದಕ್ಕೆ ಕಾಲುವೆ ಇಲ್ವಲ್ಲ," ಎಂದ.

ಒಂದರಿಂದ ಮೂರನೇ ತರಗತಿಯ ಕೋಣೆ

ಮುಂದಿನದು ನಲಿಕಲಿ ಕೋಣೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರ ಸುಮಾರಿಗೆ ಮೊದಲಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಬೆಂಚುಗಳಿಲ್ಲ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡುಗಳಿಂದ ಕಲಿಯುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಚಪ್ಪರ. ಇಲ್ಲಿನ ಚಪ್ಪರದಲ್ಲಿ ಒಣಗಿದ ಎಲೆ, ಹುಣಸೆ ಬೀಜದ ಸರ, ಉದುರಿ ಬಿದ್ದ ಗರಿ, ಮಣ್ಣಿನ ಉಂಡೆ. ಗೋಡೆಯ ಹವಾಮಾನ ನಕ್ಷೆಯಲ್ಲಿ ಬಿಸಿಲು, ಮೋಡ, ಮಳೆಯ ಚಿತ್ರಗಳ ಪಕ್ಕ ಮಳೆ ನಕ್ಷತ್ರದ ಹೆಸರುಗಳೂ ಇವೆ: ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬಂದು ಹೇಳಿದ್ದು ಮಕ್ಕಳೇ ಎಂದರು ಈ ಕೋಣೆಯ ಶಿಕ್ಷಕಿ.

ಇಷ್ಟು ಚಿಕ್ಕವರಿಗೆ ಇಲ್ಲಿ ಪರಿಸರ ನಾಶದ ಪಾಠ ಮಾಡುವುದಿಲ್ಲ. ಮೊದಲು ಮಾಡುತ್ತಿದ್ದರಂತೆ. ದೊಡ್ಡ ತರಗತಿಯವರು ಬರೆದ ಚಿತ್ರವೊಂದನ್ನು ಈ ಕೋಣೆಯಲ್ಲಿ ಅಂಟಿಸಿದ್ದರು: ಭೂಮಿಗೆ ಕಣ್ಣು ಬಾಯಿ, ಕಣ್ಣಲ್ಲಿ ನೀರು, ಹಣೆಗೆ ಬ್ಯಾಂಡೇಜು. ಒಂದನೇ ತರಗತಿಯ ಮಗುವೊಂದು ಅದನ್ನು ನೋಡಿ, ಭೂಮಿ ಸತ್ತರೆ ನಾವೆಲ್ಲಿಗೆ ಬೀಳುತ್ತೇವೆ ಎಂದು ಕೇಳಿ ಅತ್ತಿತ್ತು. ಚಿತ್ರವನ್ನು ಅವತ್ತೇ ತೆಗೆದರು.

ಶಿಕ್ಷಕಿಯ ನಿಲುವು ಹೀಗಿದೆ: "ಏಳು ವರ್ಷದ ಮಗು ಹವಾಮಾನ ಬದಲಾವಣೇನ ತಡೆಯೋಕಾಗಲ್ಲ. ತಡೆಯೋಕಾಗದ್ದನ್ನ ಹೇಳಿ ಹೆದರಿಸಿದ್ರೆ ಅದು ಕಿವಿ ಮುಚ್ಕೊಳ್ಳುತ್ತೆ. ಒಂದು ಇರುವೆ ಗೂಡು ತೋರಿಸಿ, ತುಳೀದಂಗೆ ದಾಟೋದು ಹೇಳ್ಕೊಟ್ರೆ ಅದನ್ನ ಮಾಡುತ್ತೆ."

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆಯೇ ಎಂದು ಯೋಚಿಸುತ್ತಲೇ ಇದ್ದೇನೆ. ಬಯಲುಸೀಮೆಯ ಮಕ್ಕಳಿಗೆ ಬರಗಾಲ, ಬತ್ತಿದ ಕೊಳವೆಬಾವಿ ಹೊಸತಲ್ಲ. ಮನೆಯಲ್ಲಿ ಆ ಮಾತು ಕೇಳಿಯೇ ಬೆಳೆಯುತ್ತಾರೆ. ಶಾಲೆ ಅದನ್ನು ಮುಚ್ಚಿಡಬಾರದು. ಆದರೆ ಕಷ್ಟದ ಸುದ್ದಿಗೆ ಮೊದಲು ಪ್ರೀತಿ ಹುಟ್ಟಲಿ ಎಂಬ ಕ್ರಮ ಚಿಕ್ಕ ವಯಸ್ಸಿಗೆ ಸರಿ ಎಂದೇ ನನ್ನ ಮನಸ್ಸು ಹೇಳುತ್ತದೆ.

ಮಳೆ ಅಳೆಯುವ ಬಾಟಲಿ

ಕೋಣೆಯಿಂದ ಹೊರಬಂದು ಬಯಲಿಗೆ ಇಳಿದರೆ, ಮರದ ನೆರಳು ಬೀಳದ ಕಡೆ ಒಂದು ಕಲ್ಲಿನ ಮೇಲೆ ಪ್ಲಾಸ್ಟಿಕ್ ಬಾಟಲಿ. ಕುತ್ತಿಗೆಯ ಭಾಗ ಕತ್ತರಿಸಿ ತಲೆಕೆಳಗಾಗಿ ಒಳಗಿಟ್ಟಿದ್ದಾರೆ, ಆಲಿಕೆಯಂತೆ. ಪಕ್ಕದಲ್ಲಿ ಮಿಲಿಮೀಟರಿನ ಪಟ್ಟಿ. ಬಾಟಲಿಯ ತಳ ಉಬ್ಬು ತಗ್ಗಾಗಿರುವುದರಿಂದ ಸೊನ್ನೆಯ ಗೆರೆಯವರೆಗೆ ಮೊದಲೇ ನೀರು ತುಂಬಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಐದನೇ ತರಗತಿಯ ಹುಡುಗ ನನಗೆ ಬಿಡಿಸಿ ಹೇಳಿದ. ಹಿಂದಿನ ರಾತ್ರಿಯ ಮಳೆ 10 ಮಿಲಿಮೀಟರ್.

"ಹತ್ತು ಮಿಲಿಮೀಟರ್ ಅಂದ್ರೆ ಎಷ್ಟು ನೀರು?" ಎಂದು ಕೇಳಿದೆ. ಅವನು ತಡವರಿಸಲಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಶಾಲೆಯ ಒಂದು ಕಟ್ಟಡದ ಚಾವಣಿ 120 ಚದರ ಮೀಟರ್. ಹಾಗಾಗಿ 1,200 ಲೀಟರ್. "ಅಷ್ಟೂ ಸಿಗಲ್ಲ ಸಾರ್. ಹೆಂಚು ಕುಡಿಯುತ್ತೆ, ಮೊದಲ ನೀರು ಹೊರಗೆ ಬಿಡಬೇಕು."

ಚಾವಣಿಯ ಅಂಚಿನ ದೋಣಿಯಿಂದ ಕೊಳವೆ ಇಳಿದು 5,000 ಲೀಟರಿನ ತೊಟ್ಟಿಗೆ ಸೇರುತ್ತದೆ. ತೊಟ್ಟಿ ತುಂಬಿ ಹರಿದದ್ದು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಐನೂರರಿಂದ ಆರುನೂರು ಮಿಲಿಮೀಟರ್. ನಾನೂ ಕೂತು ಲೆಕ್ಕ ಹಾಕಿದೆ: 550 ಮಿಲಿಮೀಟರ್ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ ಈ ಒಂದೇ ಚಾವಣಿಯಿಂದ 52,000 ಲೀಟರಿಗೂ ಹೆಚ್ಚು ನೀರು. ಮಳೆ ಕಡಿಮೆ ಎಂದು ದೂರುವ ಸೀಮೆಯಲ್ಲಿ ಇಷ್ಟು ನೀರು ನಮ್ಮ ತಲೆಯ ಮೇಲಿಂದಲೇ ಹರಿದು ಹೋಗುತ್ತದೆ ಎಂಬುದು ಹತ್ತು ವರ್ಷದ ಹುಡುಗನಿಗೆ ಗೊತ್ತಿದೆ.

ಅಡುಗೆಮನೆಯ ಹಿಂದೆ

ಅಷ್ಟರಲ್ಲಿ ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಸೊಪ್ಪು ಶಾಲೆಯ ಮಡಿಯದೇ. ನುಗ್ಗೆ ಸೊಪ್ಪನ್ನು ಬೆಳಿಗ್ಗೆ ಆರನೇ ತರಗತಿಯವರು ಬಿಡಿಸಿ ಕೊಟ್ಟಿದ್ದರು. ಊಟದ ಸಾಲು ಶಿಸ್ತಾಗಿತ್ತು, ಆದರೆ ಮೌನವಾಗಿರಲಿಲ್ಲ. ಬಡಿಸುವ ಮುನ್ನ ಅಡುಗೆಯಮ್ಮ ಪ್ರತಿ ಮಗುವನ್ನೂ "ಎಷ್ಟು ಹಾಕ್ಲವ್ವಾ?" "ಇಷ್ಟು ಸಾಕಾ ಕಂದಾ?" ಎಂದು ಕೇಳುತ್ತಿದ್ದರು. ಕಡಿಮೆ ಹಾಕಿಸಿಕೊಂಡು ಎಷ್ಟು ಸಲ ಬೇಕಾದರೂ ಬರಬಹುದು. ಊಟ ಮುಗಿದ ಕಡೆ ಇಟ್ಟ ಬಕೆಟ್ಟಿನ ಒಳಗೆ ಬಣ್ಣದಲ್ಲಿ ಒಂದು ಗೆರೆ. ತಟ್ಟೆಯಲ್ಲಿ ಬಿಟ್ಟದ್ದು ಆ ಗೆರೆ ದಾಟಿತೋ ಇಲ್ಲವೋ ಎಂದು ದಿನವೂ ಅಲ್ಲಿನ ಹಲಗೆಯಲ್ಲಿ ಬರೆಯುತ್ತಾರೆ. ಯಾರು ಬಿಟ್ಟರೆಂದು ಬರೆಯುವುದಿಲ್ಲ. ಅವತ್ತು ಗೆರೆಗಿಂತ ಬಹಳ ಕೆಳಗಿತ್ತು. ಹೊರಗಿನವರು ಬಂದಿದ್ದಾರೆಂದು ಮಕ್ಕಳು ಅವತ್ತು ಜಾಗ್ರತೆ ವಹಿಸಿರಬಹುದು. ಆ ಅನುಮಾನ ನನಗಿದೆ. ಆದರೆ ಹಲಗೆಯ ಹಿಂದಿನ ದಿನಗಳ ಗುರುತುಗಳಲ್ಲಿ ಗೆರೆ ದಾಟಿದ ದಿನಗಳೂ ಇದ್ದವು. ಮುಚ್ಚಿಟ್ಟಿರಲಿಲ್ಲ.

ಅಡುಗೆಮನೆಯ ಹಿಂದೆ ಎರಡು ಗೊಬ್ಬರದ ಗುಂಡಿ. ಒಂದು ತುಂಬುವಾಗ ಇನ್ನೊಂದು ಮಾಗುತ್ತಿರುತ್ತದೆ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು, ಪ್ರತಿ ಪದರದ ಮೇಲೂ ಒಣ ಎಲೆ. ಬೇಯಿಸಿದ ಅನ್ನ ಹಾಕುವುದಿಲ್ಲ, ಇಲಿ ನಾಯಿ ಬರುತ್ತವೆಂದು. ಅದು ಊರಿನ ಹಸುಗಳ ಕಲಗಚ್ಚಿಗೆ ಹೋಗುತ್ತದೆ. ಮಾಗಿದ ಗುಂಡಿಗೆ ಕೈ ಹಾಕಿ ಒಬ್ಬ ಹುಡುಗಿ ಬೊಗಸೆ ಗೊಬ್ಬರ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ವಾಸನೆಯೇ ಇರಲಿಲ್ಲ. ಮಳೆ ಬಿದ್ದ ಮಣ್ಣಿನ ಪರಿಮಳವಷ್ಟೇ. ಒಂದು ಎರೆಹುಳು ಅವಳ ಅಂಗೈಯಲ್ಲಿ ಸುಳಿದಾಡಿ ಬೆರಳ ಸಂದಿನಿಂದ ಕೆಳಕ್ಕೆ ಜಾರತೊಡಗಿತು. ಅವಳು ಬಗ್ಗಿ ಕೈಯನ್ನು ಗುಂಡಿಗೆ ಹತ್ತಿರ ತಂದು, ಅದು ತಾನಾಗಿ ಇಳಿಯುವವರೆಗೆ ಹಾಗೆಯೇ ಹಿಡಿದಿದ್ದಳು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಕಸ ಮುಟ್ಟುವ ಕೆಲಸ ನಮ್ಮ ಸಮಾಜದಲ್ಲಿ ಎಲ್ಲರ ಪಾಲಿಗೂ ಸಮನಾಗಿ ಬಂದದ್ದಲ್ಲ. ಶಾಲೆಯೂ ಅದೇ ರೂಢಿಯನ್ನು ಮುಂದುವರಿಸುವ ಅಪಾಯವಿದೆ. ಗುಡಿಸುವುದು ಹುಡುಗಿಯರಿಗೆ, ಕಸ ಹೊರುವುದು ಇಂಥವರ ಮಕ್ಕಳಿಗೆ ಎಂದು ಯಾರೂ ಹೇಳದೆಯೇ ಆಗಿಬಿಡುತ್ತದೆ. ಇಲ್ಲಿ ಚೀಟಿ ಎತ್ತಿ ಸರದಿ ಹಾಕುತ್ತಾರೆ. ಹುಡುಗರು ಹುಡುಗಿಯರೆಂಬ ಭೇದವಿಲ್ಲ. ಶಿಕ್ಷಕರ ಹೆಸರೂ ಚೀಟಿಯಲ್ಲಿದೆ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಿ ಈ ಕೆಲಸ ಕೊಡುವುದಿಲ್ಲ. ಶೌಚಾಲಯ ತೊಳೆಯುವ ಕೆಲಸವನ್ನು ಮಕ್ಕಳಿಗೆ ಕೊಡುವುದೇ ಇಲ್ಲ. ಮೊದಮೊದಲು ಕೆಲವು ತಂದೆತಾಯಿ ಬಂದು, ಓದಲು ಕಳಿಸಿದರೆ ಕಸ ಹೊರಿಸುತ್ತೀರಾ ಎಂದು ಜಗಳ ಮಾಡಿದ್ದರಂತೆ. ಮುಖ್ಯ ಶಿಕ್ಷಕಿಯೇ ಸಲಿಕೆ ಹಿಡಿದು ಗುಂಡಿಗೆ ಇಳಿದದ್ದನ್ನು ನೋಡಿದ ಮೇಲೆ ಮಾತು ಕಡಿಮೆಯಾಯಿತು. ಎಲ್ಲರ ಮನಸ್ಸೂ ಬದಲಾಗಿದೆಯೇ ಎಂದು ಕೇಳಿದೆ. "ಇಲ್ಲ," ಎಂದರು ಅವರು ನೇರವಾಗಿ.

ಚಿಕ್ಕಿಯ ಕವರು

ಗುಂಡಿಯ ಆಚೆ ಒಂದು ಚಪ್ಪಡಿಗೆ ಮೂರು ಚೀಲ ತೂಗುಹಾಕಿದೆ: ಕಾಗದ, ಗಟ್ಟಿ ಪ್ಲಾಸ್ಟಿಕ್, ತೆಳು ಕವರು. ಮೂರನೆಯದೇ ತಲೆನೋವು. ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣಗಳ ಜೊತೆಗೆ ಶಾಲೆಯಲ್ಲಿ ಮಕ್ಕಳಿಗೆ ಆಗ ಕೊಡುತ್ತಿದ್ದ ಚಿಕ್ಕಿಯ ಕವರೂ ಅದರಲ್ಲಿತ್ತು. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳ ನಿಷೇಧವಿದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿದೆ. ಆದರೆ ತಿಂಡಿಯ ಪೊಟ್ಟಣ ಹಾಗೇ ಉಳಿದಿದೆ. ಪದರದ ಮೇಲೆ ಪದರ ಅಂಟಿಸಿ ಮಾಡಿದ ಆ ಕವರನ್ನು ಬಿಡಿಸಿ ಮರುಬಳಕೆ ಮಾಡುವುದು ಕಷ್ಟ.

ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದು ಚೀಲಗಳನ್ನು ಒಯ್ಯುತ್ತದೆ. 'ಒಯ್ದು ಏನ್ಮಾಡ್ತಾರೆ ಮಿಸ್?' ಎಂದು ಮಕ್ಕಳು ಕೇಳಿದ್ದಾರೆ. ಕಾಗದ, ಗಟ್ಟಿ ಪ್ಲಾಸ್ಟಿಕ್ ಮಾರಾಟವಾಗುತ್ತದೆ, ತೆಳು ಕವರು ಹಲವು ಸಲ ಹಾಗೇ ಬಿದ್ದಿರುತ್ತದೆ ಎಂದು ಶಿಕ್ಷಕರು ಇದ್ದದ್ದನ್ನು ಇದ್ದಂತೆ ಹೇಳಿದ್ದಾರೆ. ಸುಟ್ಟುಬಿಡಬಹುದಲ್ಲ ಎಂದು ಒಬ್ಬ ಕೇಳಿದಾಗ, ಆ ಹೊಗೆ ಮೊದಲು ಹೋಗುವುದು ನಮ್ಮ ಮೂಗಿಗೇ, ಬಯಲಲ್ಲಿ ಕಸ ಸುಡುವುದಕ್ಕೆ ಕಾನೂನಿನ ತಡೆಯೂ ಇದೆ ಎಂದು ವಿವರಿಸಿದ್ದಾರೆ. ಮಕ್ಕಳು ಕೊನೆಗೆ ಊರಿನ ಅಂಗಡಿಯವರ ಬಳಿ ಹೋಗಿ, ಕಡಲೆಮಿಠಾಯಿಯನ್ನು ಮೊದಲಿನ ಹಾಗೆ ಡಬ್ಬಿಯಲ್ಲಿಟ್ಟು ಬಿಡಿಯಾಗಿ ಮಾರುತ್ತೀರಾ ಎಂದು ಕೇಳಿ ಬಂದರಂತೆ. ಒಂದು ಅಂಗಡಿಯವರು ಒಪ್ಪಿದ್ದಾರೆ, ಇನ್ನೊಂದರವರು ಒಪ್ಪಿಲ್ಲ.

ಎಲ್ಲ ಸಮಸ್ಯೆಗೂ ಮಕ್ಕಳ ಬಳಿ ಪರಿಹಾರವಿದೆ ಎಂದು ತೋರಿಸುವ ಆತುರ ಇಲ್ಲಿಲ್ಲ. ಬಗೆಹರಿಯದ್ದು ಬಗೆಹರಿದಿಲ್ಲ ಎಂದೇ ಚೀಲದಲ್ಲಿ ತೂಗುತ್ತಿದೆ.

ಯಾರೂ ಮುಟ್ಟದ ಮೂಲೆ

ಹಿತ್ತಲಿನ ತುದಿಯಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಒಂದು ಮೂಲೆಯಿದೆ. ಎಕ್ಕ, ತುಂಬೆ, ಉತ್ತರಾಣಿ, ಹೆಸರು ಗೊತ್ತಿಲ್ಲದ ಹುಲ್ಲುಗಳು. ಪಾರ್ಥೇನಿಯಂ ಒಂದನ್ನು ಮಾತ್ರ ಹೂ ಬಿಡುವ ಮೊದಲೇ ದೊಡ್ಡವರು ಕೈಗವಸು ಹಾಕಿಕೊಂಡು ಕೀಳುತ್ತಾರೆ. ಮಿಕ್ಕದ್ದನ್ನು ಯಾರೂ ಮುಟ್ಟುವುದಿಲ್ಲ. ಮೊದಲ ನೋಟಕ್ಕೆ ಇದು ನನಗೆ ಬರಿ ಕಳೆಯೆನಿಸಿತು.

ಮೂರನೇ ತರಗತಿಯ ಇಬ್ಬರು ನನ್ನನ್ನು ಎಕ್ಕದ ಗಿಡದ ಹತ್ತಿರ ಕೂರಿಸಿದರು. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು. ಮೈಮೇಲೆ ಮೂರು ಜೊತೆ ಕಪ್ಪು ಕುಡಿಗಳು. ಎಲೆಯ ಅಂಚನ್ನು ಕಮಾನಿನ ಆಕಾರದಲ್ಲಿ ಮೇಯುತ್ತಿತ್ತು. ಇನ್ನೊಂದು ಎಲೆಯಡಿ ತಿಳಿ ಹಸಿರಿನ ಕೋಶ ಜೋತುಬಿದ್ದಿತ್ತು. ಇದೇ ಮುಂದೆ ಕಿತ್ತಳೆ ರೆಕ್ಕೆಗೆ ಕಪ್ಪು ಅಂಚು, ಬಿಳಿ ಚುಕ್ಕೆಯಿರುವ ಚಿಟ್ಟೆಯಾಗುತ್ತದೆ. ನಮ್ಮ ಹೊಲಗದ್ದೆಯ ಬದಿಯಲ್ಲಿ ಎಲ್ಲರೂ ಕಂಡಿರುವ ಚಿಟ್ಟೆಯೇ. ಎಕ್ಕದ ಹಾಲಿನ ವಿಷವನ್ನು ಹುಳು ಮೈಯಲ್ಲೇ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. "ಹಾಲು ಕಣ್ಣಿಗೆ ಹಾರಿದ್ರೆ ಉರಿಯುತ್ತೆ, ಎಲೆ ಕೀಳ್ಬಾರ್ದು," ಎಂದು ನನ್ನನ್ನು ಎಚ್ಚರಿಸಿದ್ದು ಆ ಮಕ್ಕಳೇ.

ತರಕಾರಿ ಮಡಿಯಲ್ಲಿ ಬದನೆಗೆ ಬಿದ್ದ ಹುಳುವನ್ನು ಆರಿಸಿ ತೆಗೆಯುವ ಮಕ್ಕಳು ಎಕ್ಕದ ಹುಳುವನ್ನು ಕಾಪಾಡುತ್ತಾರೆ. ಇದರಲ್ಲಿ ಗೊಂದಲವಿಲ್ಲವೇ ಎಂದು ಕೇಳಿದೆ. ಒಬ್ಬಳು ಸ್ವಲ್ಪ ಹೊತ್ತು ಯೋಚಿಸಿ, "ಬದನೆ ನಾವು ತಿನ್ನೋಕೆ ಹಾಕಿದ್ದು. ಇದು ಅವ್ರದ್ದು," ಎಂದಳು. ಯಾರೋ ಹೇಳಿಕೊಟ್ಟ ಉತ್ತರವೋ ಅವಳದೇ ಉತ್ತರವೋ ನನಗೆ ತಿಳಿಯಲಿಲ್ಲ. ಯಾರದ್ದಾದರೂ ಒಳ್ಳೆಯ ಉತ್ತರ.

ಮುಖ್ಯ ಶಿಕ್ಷಕಿಯ ಕೋಣೆ

ಕೊನೆಗೆ ಕಚೇರಿಯಲ್ಲಿ ಕೂತೆವು. ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ 1991ರಲ್ಲೇ ಹೇಳಿದೆ. ಪಠ್ಯಪುಸ್ತಕ ಬಂದಿದೆ, ಇಕೋ ಕ್ಲಬ್‌ಗಳು ಬಂದಿವೆ, 1973ರಿಂದ ಪ್ರತಿ ಜೂನ್ 5ರಂದು ವಿಶ್ವ ಪರಿಸರ ದಿನ ನಡೆಯುತ್ತಿದೆ. ಇಷ್ಟಾದರೂ ಯಾಕೆ ಹಲವು ಕಡೆ ಅದು ಒಂದು ದಿನದ ಹಬ್ಬವಾಗಿಯೇ ಉಳಿದಿದೆ ಎಂದು ಕೇಳಿದೆ.

ಅವರು ಉತ್ತರವಾಗಿ ಕಿಟಕಿಯಾಚೆ ಸಾಲಾಗಿ ನೆಟ್ಟ ಎಳೆಯ ಗಿಡಗಳನ್ನು ತೋರಿಸಿದರು. ಮೊದಲು ಜೂನ್ 5ಕ್ಕೆ ಹತ್ತಾರು ಸಸಿ ತಂದು ನೆಡುತ್ತಿದ್ದರು. ಫೋಟೊ ಆಗುತ್ತಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಬಿಸಿಲು ನೆತ್ತಿಗೆ, ಗಿಡಕ್ಕೆ ನೀರು ಹಾಕುವವರಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಹೊಸ ಸಸಿ. ಈಗ ಕೆಲವೇ ಸಸಿ ನೆಡುತ್ತಾರೆ, ಅದೂ ಮಳೆ ಹಿಡಿದ ಮೇಲೆ. ಮೇಕೆ ಬಾಯಿ ಹಾಕದಂತೆ ಮುಳ್ಳಿನ ಬೇಲಿ. ಬುಡದಲ್ಲಿ ತಳಕ್ಕೆ ತೂತು ಮಾಡಿ ಬಟ್ಟೆಯ ಬತ್ತಿ ಇಟ್ಟ ಹಳೆಯ ಮಡಕೆ ಹೂತಿದ್ದಾರೆ. ಮಡಕೆ ತುಂಬಿದರೆ ಕೆಲವು ದಿನ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ರಜೆಯಲ್ಲಿ ಯಾವ ದಿನ ಯಾರು ಮಡಕೆ ತುಂಬಬೇಕೆಂದು ಶಾಲೆಯ ಹತ್ತಿರದ ಮನೆಯ ಮಕ್ಕಳ ಪಟ್ಟಿ ಇದೆ. ಸಸಿ ನೆಡುವ ಮೊದಲು ಈ ಪಟ್ಟಿ ತಯಾರಾಗಬೇಕು, ಪಟ್ಟಿ ಇಲ್ಲದಿದ್ದರೆ ಸಸಿ ಇಲ್ಲ ಎಂಬುದು ಇಲ್ಲಿನ ನಿಯಮ.

ಹೈಸ್ಕೂಲಿಗೆ ಹೋದ ಮೇಲೂ ಈ ಮಕ್ಕಳಲ್ಲಿ ಇದು ಉಳಿಯುತ್ತದೆಯೇ? ಅವರಿಗೂ ಖಾತ್ರಿಯಿಲ್ಲ, ನನಗೂ ಇಲ್ಲ. ಇಷ್ಟು ಅಲ್ಪ ಹೊತ್ತಿನ ಭೇಟಿಯಲ್ಲಿ ಅದನ್ನು ತೀರ್ಮಾನಿಸುವುದು ಸಾಧ್ಯವೂ ಅಲ್ಲ. ಕೆಲವರು ಮನೆಯಲ್ಲೂ ಕಸ ಬೇರೆ ಮಾಡಿಸಿದ್ದಾರೆ. ಇನ್ನು ಕೆಲವರ ಮನೆಯಲ್ಲಿ, ಮಗು ಬೇರೆ ಮಾಡಿಟ್ಟದ್ದನ್ನು ದೊಡ್ಡವರು ಒಟ್ಟಿಗೆ ಸೇರಿಸಿ ಬೀದಿ ಕೊನೆಯಲ್ಲಿ ಸುರಿಯುತ್ತಾರೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ನೋಡಿದ ಮಗು ಕೊನೆಗೆ ಯಾವುದನ್ನು ನಂಬುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಶಿಕ್ಷಕರಲ್ಲ, ನಾವು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಸ್ಪಷ್ಟವಾದದ್ದು ಒಂದೇ. ಪರಿಸರ ಎಂಬ ದೊಡ್ಡ ಮಾತನ್ನು ಚಿಕ್ಕ ಮಗು ಹೊರಲಾರದು. ಒಂದು ಮರ, ಒಂದು ನಲ್ಲಿ, ಒಂದು ಕುಂಡ ಅದರ ಪಾಲಿಗೆ ಬಂದರೆ ಅದನ್ನು ಹೊರುತ್ತದೆ, ಅಕ್ಕರೆಯಿಂದ ಹೊರುತ್ತದೆ. ಈ ಶಾಲೆಯಲ್ಲಿ ನಾನು ಕಂಡ ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ. ಬೇಕಾದದ್ದು ದಿನವೂ ಬಿಡದೆ ಮಾಡುವ ದೊಡ್ಡವರು.

ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಈ ವಾರವೇ ಒಂದು ಗಿಡವನ್ನೋ ಬೀದಿಯ ಒಂದು ಮರವನ್ನೋ ಅದರ ಪಾಲಿಗೆ ಕೊಡಿ. ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ಜೊತೆಗೆ ಹೋಗಿ ನಿಲ್ಲಿ, ಕೇಳಿದ್ದಕ್ಕೆ ಉತ್ತರ ಹೇಳಿ, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಮತ್ತು ಮಗು ಬೇರೆ ಮಾಡಿಟ್ಟ ಕಸವನ್ನು ದಯವಿಟ್ಟು ಒಟ್ಟಿಗೆ ಸುರಿಯಬೇಡಿ.